ಮಗಳಿಗೊಂದು ಪತ್ರ: ಶುಕ್ರವಾರದ ತನಕ ಮೌಂಡ್ ಹತ್ತಬೇಡ

ಪ್ರೀತಿಯ ಪುಟ್ಟಿ,

ನಾಳೆ ಬೆಳಿಗ್ಗೆ ನಾರ್ತ್ ಕ್ಯಾರೊಲೈನಾದ ಬೇಸ್‌ಬಾಲ್ ಕ್ಯಾಂಪಿಗೆ ಹೊರಡುತ್ತೀಯ, ಇನ್ನೂ ಮುಖ ಊದಿಸಿಕೊಂಡೇ ಇದ್ದೀಯ. ಭಾನುವಾರ ಯಾರು ಯಾರಿಗೆ ಏನಂದರು ಎನ್ನುವುದು ಇಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಟೀಮಿನವರ ಎದುರಿಗೆ ದನಿ ಏರಿಸಿದ್ದಕ್ಕೆ ಕ್ಷಮಿಸು. ಆದರೆ ಕೈ ಸೋತಿದೆ, ಎಸೆದದ್ದು ಸಾಕು ಎಂದದ್ದಕ್ಕೆ ಕ್ಷಮೆ ಕೇಳಲಾರೆ.

"ಪಿಚರ್‌ಗೆ ದಿನದ ಮಿತಿ 95 ಎಸೆತ, ನಾನು ಹಾಕಿದ್ದು 88, ಇನ್ನೂ ಏಳು ಬಾಕಿ ಇತ್ತು" ಎಂಬುದು ನಿನ್ನ ವಾದ. ನಿಜ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ತಂದ ಪಿಚ್ ಸ್ಮಾರ್ಟ್ ಪಟ್ಟಿಯಲ್ಲಿ 15–16 ವಯಸ್ಸಿನವರಿಗೆ ದಿನಕ್ಕೆ 95 ಎಂದೇ ಇದೆ. ಅದೇ ಪಟ್ಟಿಯ ಪಕ್ಕದ ಕಾಲಂ ಕೂಡ ನೋಡು: 76 ಅಥವಾ ಅದಕ್ಕಿಂತ ಹೆಚ್ಚು ಹಾಕಿದರೆ ನಾಲ್ಕು ದಿನ ವಿಶ್ರಾಂತಿ. ಸೋಮ, ಮಂಗಳ, ಬುಧ, ಗುರು. ಕ್ಯಾಂಪಿನವರು ಗುರುವಾರವೇ ವೇಗ ಅಳೆಯುವ ರೇಡಾರ್ ಗನ್ ಹಿಡಿದು ಎಲ್ಲರನ್ನೂ ಮೌಂಡ್, ಅಂದರೆ ಪಿಚರ್ ನಿಂತು ಎಸೆಯುವ ದಿಬ್ಬ, ಹತ್ತಿಸುತ್ತಾರೆ. ಭಾನುವಾರ ನೀನು ಎಷ್ಟು ಎಸೆದೆ ಎಂದು ಅವರಿಗೆ ಗೊತ್ತಿರುವುದಿಲ್ಲ, ನೀನಾಗಿ ಹೇಳದಿದ್ದರೆ ಯಾರೂ ಕೇಳುವುದೂ ಇಲ್ಲ. ಬ್ಯಾಗು ಕೆಳಗಿಡುವ ಮೊದಲೇ ಕೋಚ್‌ಗೆ ಹೇಳು: "ಭಾನುವಾರ 88 ಆಗಿದೆ, ಶುಕ್ರವಾರದಿಂದ ಎಸೆಯುತ್ತೇನೆ."

ಆ 88 ಕೂಡ ಬ್ಯಾಟರ್‌ಗಳಿಗೆ ಹಾಕಿದ ಲೆಕ್ಕ ಮಾತ್ರ. ಆಟಕ್ಕೆ ಮೊದಲು ಕೈ ಬಿಸಿಮಾಡಿಕೊಳ್ಳುವ ಬುಲ್‌ಪೆನ್‌ನಲ್ಲಿ ಸುಮಾರು ಮೂವತ್ತು, ಆರು ಇನ್ನಿಂಗ್ಸ್‌ಗೂ ಮುಂಚೆ ಐದೈದು ವಾರ್ಮಪ್. ಒಟ್ಟು 150ರ ಹತ್ತಿರ. ಮೊಣಕೈಗೆ ಯಾವುದು ಲೆಕ್ಕದ್ದು, ಯಾವುದು ಅಲ್ಲದ್ದು ಎಂಬ ಭೇದ ತಿಳಿಯುವುದಿಲ್ಲ.

ಮೊಣಕೈ ಒಳಬದಿಯಲ್ಲಿ ಉಬ್ಬಿಕೊಂಡ ಮೂಳೆ ಇದೆಯಲ್ಲ, ಅದರಿಂದ ಒಂದು ಬೆರಳಿನಗಲ ಕೆಳಗೆ ಒತ್ತಿ ನೋಡು. ಮೇಲ್ತೋಳಿನ ಮೂಳೆಯನ್ನು ಮುಂದೋಳಿಗೆ ಕಟ್ಟಿ ಹಿಡಿದಿರುವ ಯುಸಿಎಲ್ ಎಂಬ ಅಸ್ಥಿರಜ್ಜು ಅಲ್ಲೇ ಇರುವುದು. ಹಿಂದಕ್ಕೆ ಪೂರ್ತಿ ಬಾಗಿದ ಕೈ ಮುಂದಕ್ಕೆ ಚಿಮ್ಮುವ ಕ್ಷಣದಲ್ಲಿ ಬೀಳುವ ಎಳೆತವನ್ನು ಅದೊಂದೇ ತಡೆಯಲಾರದು. ಮುಂದೋಳಿನ ಸ್ನಾಯುಗಳು ಪಾಲು ಹೊರುವುದರಿಂದ ಉಳಿದುಕೊಳ್ಳುತ್ತದೆ. ಸ್ನಾಯು ದಣಿದರೆ ಆ ಪಾಲೂ ಇದರ ತಲೆಗೇ. ಒಂದೇ ಎಸೆತಕ್ಕೆ ಕಿತ್ತುಹೋದಂತೆ ಕಂಡರೂ ಬಹಳ ಸಲ ಅದು ಹಳೇ ಹಗ್ಗದ ಹಾಗೆ ಎಳೆ ಎಳೆಯಾಗಿ ಸವೆದು ಬಂದಿರುತ್ತದೆ. ಅಲಬಾಮಾದ ಬರ್ಮಿಂಗ್‌ಹ್ಯಾಮಿನ ಕ್ರೀಡಾ ವೈದ್ಯಕೀಯ ಸಂಸ್ಥೆ ಎಎಸ್‌ಎಂಐ ಸಂಶೋಧಕರು, ಮೊಣಕೈ ಅಥವಾ ಭುಜದ ಆಪರೇಷನ್ ಆದ ಹದಿಹರೆಯದ ಪಿಚರ್‌ಗಳನ್ನು ಆಗದವರ ಜೊತೆ ಹೋಲಿಸಿ 2006ರಲ್ಲಿ ಪ್ರಕಟಿಸಿದ್ದು ಇದನ್ನೇ: ಕೈ ಸೋತಿದ್ದರೂ ಎಸೆಯುವ ಅಭ್ಯಾಸ ಇದ್ದವರಿಗೆ ಅಪಾಯ 36 ಪಟ್ಟು. ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಆಡುವವರಿಗೆ ಐದು ಪಟ್ಟು. ದಣಿವಿನ ಮುಂದೆ ಉಳಿದ ಕಾರಣಗಳು ಎಷ್ಟು ಸಣ್ಣವು ನೋಡು.

ಭಾನುವಾರ ನಾನು ನೋಡಿದ್ದೂ ದಣಿವನ್ನೇ, ಎಣಿಕೆಯನ್ನಲ್ಲ. ಮೂರನೇ ಇನ್ನಿಂಗ್ಸ್‌ನಲ್ಲಿ ನಿನ್ನ ಸರ್ಕಲ್ ಚೇಂಜ್, ಆ ನಿಧಾನದ ಎಸೆತ, ಎಷ್ಟು ಚೆಂದ ಬೀಳುತ್ತಿತ್ತು! ಹೆಬ್ಬೆರಳು, ತೋರುಬೆರಳು ಸೇರಿಸಿದ ಹಿಡಿತ, ಫಾಸ್ಟ್‌ಬಾಲ್‌ಗೆ ಬೀಸಿದಷ್ಟೇ ವೇಗದಲ್ಲಿ ಬೀಸಿದ ಕೈ. ಬ್ಯಾಟರ್ ಮುಂಗಾಲಿನ ಮೇಲೆ ವಾಲಿಹೋಗುತ್ತಿದ್ದಳು. ನಮ್ಮ ಅಟ್ಲಾಂಟಾ ಬ್ರೇವ್ಸ್ ತಂಡದ ಪಿಚರ್ ಟಾಮ್ ಗ್ಲಾವಿನ್ 305 ಗೆಲುವಿನಲ್ಲಿ ಹೆಚ್ಚಿನ ಪಾಲನ್ನು ಆ ಎಸೆತದ ಬಲದಿಂದಲೇ ಪಡೆದ. ಹದಿನಾರಕ್ಕೆ ಅದು ನಿನ್ನ ಕೈಗೆ ದಕ್ಕಿರುವುದು ನನಗೆ ಎಷ್ಟು ಹೆಮ್ಮೆ ಎಂದು ಅವತ್ತೇ ಹೇಳಬೇಕಿತ್ತು. ಆರನೆಯದಕ್ಕೆ ಬಂದಾಗ ಅದೇ ಚೇಂಜ್ ಎದೆಯ ಎತ್ತರದಲ್ಲಿ ನಿಲ್ಲತೊಡಗಿತು, ಫಾಸ್ಟ್‌ಬಾಲ್ ಬಲಕ್ಕೆ ಮೇಲಕ್ಕೆ ಹಾರತೊಡಗಿತು. ಸೋತ ಕೈ ಮೈಯ ಹಿಂದೆ ಉಳಿದುಬಿಟ್ಟಾಗ ಆಗುವುದೇ ಹೀಗೆ. ಒಂದೊಂದು ಎಸೆತಕ್ಕೂ ನೀನು ತೆಗೆದುಕೊಳ್ಳುವ ಹೊತ್ತು ಹೆಚ್ಚಾಯಿತು, ನಡುನಡುವೆ ಕೈ ಝಾಡಿಸಿದೆ. ಗನ್ನಿನಲ್ಲಿ ವೇಗ ಇಳಿಯುವ ಮೊದಲೇ ಗುರಿ ತಪ್ಪುತ್ತದೆ. ಆದ್ದರಿಂದ ಗನ್ ನಂಬಬೇಡ.

ಯುಸಿಎಲ್ ಹರಿದು ಆಪರೇಷನ್ ಆದರೆ ಕೈ ಇನ್ನೂ ಗಟ್ಟಿಯಾಗುತ್ತದೆ ಎಂದು ನಿಮ್ಮ ಟೀಮಿನಲ್ಲಿ ಮಾತಾಡಿಕೊಳ್ಳುತ್ತೀರಿ. ಹೆಬ್ಬೆರಳು, ಕಿರುಬೆರಳು ಕೂಡಿಸಿ ಮಣಿಕಟ್ಟು ಬಗ್ಗಿಸು, ನಡುವೆ ಒಂದು ನರದಂಥದ್ದು ಎದ್ದು ಕಾಣುತ್ತದೆ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ. ಇದ್ದವರಿಗೆ ಸಾಮಾನ್ಯವಾಗಿ ಅದನ್ನೇ ತೆಗೆದು, ಹರಿದ ಯುಸಿಎಲ್ ಬದಲಿಗೆ ಮೊಣಕೈ ಮೂಳೆಯಲ್ಲಿ ತೂತು ಕೊರೆದು ಪೋಣಿಸುತ್ತಾರೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲ ಬಾರಿಗೆ ಪಿಚರ್ ಟಾಮಿ ಜಾನ್‌ಗೆ ಇದನ್ನು ಮಾಡಿದಾಗ ಅವನಿಗೆ 1975ರ ಇಡೀ ಸೀಸನ್ ಹೋಯಿತು. ಆಮೇಲೆ 164 ಪಂದ್ಯ ಗೆದ್ದ, ಎಲ್ಲರಿಗೂ ನೆನಪಿರುವುದು ಅಷ್ಟೇ. ಇಂದಿಗೂ ಮೌಂಡಿಗೆ ಮರಳಲು ಹನ್ನೆರಡರಿಂದ ಹದಿನೆಂಟು ತಿಂಗಳು ಬೇಕು. ನಮ್ಮ ಬ್ರೇವ್ಸ್ ಪಿಚರ್ ಸ್ಪೆನ್ಸರ್ ಸ್ಟ್ರೈಡರ್‌ಗೆ ಕಾಲೇಜಿನಲ್ಲಿದ್ದಾಗ, 2019ರಲ್ಲಿ ಒಮ್ಮೆ ಆಯಿತು. 2023ರಲ್ಲಿ 281 ಸ್ಟ್ರೈಕ್‌ಔಟ್, ಮರುವರ್ಷ ಏಪ್ರಿಲ್‌ನಲ್ಲಿ ಮತ್ತೆ ಅದೇ ಮೊಣಕೈ. ಬ್ರೇವ್ಸ್‌ನವನೇ ಆದ ಜಾನ್ ಸ್ಮೋಲ್ಟ್ಜ್ 2000ದ ಸೀಸನ್ ಪೂರ್ತಿ ಕಳೆದುಕೊಂಡ. ಈ ಆಪರೇಷನ್ ಆದ ಪಿಚರ್‌ಗಳಲ್ಲಿ ಹಾಲ್ ಆಫ್ ಫೇಮ್‌ಗೆ ಮೊದಲು ಹೋದವನು ಅವನೇ. 2015ರಲ್ಲಿ ಆ ವೇದಿಕೆ ಮೇಲೆ ನಿಂತು ತಂದೆತಾಯಂದಿರಿಗೆ ಹೇಳಿದ್ದೂ ಇದನ್ನೇ: ಹದಿನಾಲ್ಕು ಹದಿನೈದಕ್ಕೆ ಈ ಆಪರೇಷನ್ ಆಗುವುದು ಸಹಜವಲ್ಲ.

ಮೈಸೂರಿನ ತಾತ ಫೋನಿನಲ್ಲಿ "ನಮ್ಮ ಶ್ರೀನಾಥ್ ದಿನಕ್ಕೆ ಇಪ್ಪತ್ತು ಓವರ್ ಹಾಕುತ್ತಿರಲಿಲ್ವಾ" ಎಂದರೆ ಉಬ್ಬಿಹೋಗಬೇಡ. ಕ್ರಿಕೆಟ್‌ನಲ್ಲಿ ಕೈ ನೇರ ಬರುತ್ತದೆ, ಹೊರೆ ಸೊಂಟಕ್ಕೂ ಭುಜಕ್ಕೂ ಹೋಗುತ್ತದೆ. ಇಲ್ಲಿ ಬಾಗಿದ ಮೊಣಕೈ ಚಿಮ್ಮಬೇಕು. ಅಷ್ಟಾದರೂ ಶ್ರೀನಾಥರಿಗೂ 1997ರಲ್ಲಿ ಭುಜದ ಆಪರೇಷನ್ ಆಗಿತ್ತು. ತಾತ ಅದನ್ನು ಹೇಳುವುದಿಲ್ಲ.

ಈಗ ಜುಲೈ ಬಂದಿದೆ. ಮೇಜರ್ ಲೀಗ್‌ನ 162 ಪಂದ್ಯಗಳಲ್ಲಿ ಅರ್ಧ ಮುಗಿದ ಈ ಹೊತ್ತಿಗೆ ಬ್ರೇವ್ಸ್‌ನ ಗೆಲುವು-ಸೋಲಿನ ಪಟ್ಟಿ ನೋಡಿ ನೀನು ಕುಗ್ಗುವುದೂ ಹಿಗ್ಗುವುದೂ ನನಗೆ ಗೊತ್ತು. ಗೆಲುವು-ಸೋಲಿಗಿಂತ ರನ್ ವ್ಯತ್ಯಾಸ ನೋಡು. 400 ರನ್ ಗಳಿಸಿ 360 ಕೊಟ್ಟ ತಂಡ 81 ಪಂದ್ಯಗಳಲ್ಲಿ ಸುಮಾರು 45 ಗೆದ್ದಿರಬೇಕು. 38 ಮಾತ್ರ ಗೆದ್ದಿದ್ದರೆ ಒಂದು ರನ್ ಅಂತರದ ಪಂದ್ಯಗಳು ಕೈಕೊಟ್ಟಿರುತ್ತವೆ, ಅದು ತಿರುಗಬಹುದು. 2021ರ ಬ್ರೇವ್ಸ್ ಆಲ್‌ಸ್ಟಾರ್ ವಿರಾಮಕ್ಕೆ 44–45ರಲ್ಲಿತ್ತು, ತಂಡದ ಸ್ಟಾರ್ ಔಟ್‌ಫೀಲ್ಡರ್ ಅಕುನ್ಯನ ಮೊಣಕಾಲು ಆಗಷ್ಟೇ ಹೋಗಿತ್ತು. ಪೀಡರ್ಸನ್, ಡುವಾಲ್, ರೊಸಾರಿಯೊ, ಸೊಲೇರ್ ಎಂಬ ನಾಲ್ವರು ಔಟ್‌ಫೀಲ್ಡರ್‌ಗಳನ್ನೂ ಆ ಜುಲೈನಲ್ಲೇ ತಂದರು, ಅಕ್ಟೋಬರ್ ತನಕ ಉಳಿದರು, ವರ್ಲ್ಡ್ ಸೀರೀಸ್ ಗೆದ್ದರು. ಔಟ್‌ಫೀಲ್ಡ್ ಜುಲೈನಲ್ಲಿ ಕೊಳ್ಳಲು ಸಿಗುತ್ತದೆ. ನಿನ್ನ ಯುಸಿಎಲ್ ಸಿಗುವುದಿಲ್ಲ ಪುಟ್ಟಿ. ನೋಡು, ಮತ್ತೆ ಅಲ್ಲಿಗೇ ಬಂದೆ.

ಅಲ್ಲಿ ಇಷ್ಟು ಮಾಡು. ಗ್ಲೌ ಜೊತೆ ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ದಿನವೂ ಬರೆ: ಪಂದ್ಯದ ಎಸೆತ, ಬುಲ್‌ಪೆನ್ ಎಸೆತ, ಮಾರನೇ ಬೆಳಿಗ್ಗೆ ಕೈ ಹೇಗಿತ್ತು. ಪಿಚ್ ಮಾಡಿದ ದಿನ ಕ್ಯಾಚರ್ ಆಗಲು ಒಪ್ಪಬೇಡ, ಕ್ಯಾಚರ್ ಕೂಡ ಒಂದೊಂದು ಪಿಚ್‌ಗೂ ಚೆಂಡು ವಾಪಸ್ ಎಸೆಯಬೇಕು. ಆಟಕ್ಕೆ ಮೊದಲು ಐಬುಪ್ರೊಫೆನ್ ನುಂಗಿ ನೋವು ಮುಚ್ಚಬೇಡ. ಭುಜದ ಹಿಂಭಾಗ, ಸ್ನಾಯುಗಳು ಸ್ವಲ್ಪ ನೋಯುವುದು ಸಹಜ, ಎರಡು ದಿನಕ್ಕೆ ಹೋಗುತ್ತದೆ. ಮೊಣಕೈ ಒಳಬದಿ ಚುಚ್ಚಿದರೆ, ಕಿರುಬೆರಳು ಜುಂ ಎಂದರೆ, ಅವತ್ತಿಗೆ ಚೆಂಡು ಕೆಳಗಿಡು, ಯಾರು ಏನೇ ಅನ್ನಲಿ. ಸೀಸನ್ ಮುಗಿದ ಮೇಲೆ ವರ್ಷದಲ್ಲಿ ನಾಲ್ಕು ತಿಂಗಳು ಎಸೆತ ಇಲ್ಲ, ಅದರಲ್ಲಿ ಎರಡು ಮೂರು ತಿಂಗಳು ಸತತವಾಗಿ. ಚಳಿಗಾಲದ ಇಂಡೋರ್ ಲೀಗ್ ಬಗ್ಗೆ ನೀನು ಕೇಳಿದ್ದಕ್ಕೆ ಇದೇ ಉತ್ತರ.

ಉಪದೇಶ ಉದ್ದವಾಯಿತು. ಸಿಟ್ಟು ಇಟ್ಟುಕೊಂಡಿದ್ದರೂ ಪರವಾಗಿಲ್ಲ, ಟ್ರೇಡ್ ಡೆಡ್‌ಲೈನ್ ರಾತ್ರಿ, ತಂಡಗಳು ಆಟಗಾರರನ್ನು ಅದಲುಬದಲು ಮಾಡುವ ಗಡುವಿನ ದಿನ, ಫೋನ್ ಮಾಡು. ಬ್ರೇವ್ಸ್ ಆಟದ ನಡುವೆ ಬಂದು ಎಸೆಯುವ ರಿಲೀವರ್ ಯಾರನ್ನಾದರೂ ತಂದರೆ, ಅವನು ಕೊಟ್ಟ ರನ್ನಿನ ಸರಾಸರಿ, ಇಆರ್‌ಎ, ನೋಡುವ ಮೊದಲು ಈ ವರ್ಷ ಎಷ್ಟು ಸಲ ದಿನ ಬಿಡದೆ ಬೆನ್ನುಬೆನ್ನಿಗೆ ಎಸೆದಿದ್ದಾನೆ ಎಂದು ಇಬ್ಬರೂ ಕೂತು ಲೆಕ್ಕ ಹಾಕೋಣ.

ನಿನ್ನ,
ಅಮ್ಮ