ಆ ಸಂಜೆ ನನ್ನ ಪಕ್ಕ ಕುಳಿತ ನಿಮಗೆ

ನಿಮ್ಮ ಹೆಸರು ಬರೆಯುವುದಿಲ್ಲ. ಬರೆದರೆ ನಿಮಗೆ ಇಷ್ಟವಾಗದು ಅಂತ ಗೊತ್ತು. ಆದರೆ ಧನ್ಯವಾದ ಹೇಳದೆ ಇರಲು ಆಗುತ್ತಿಲ್ಲ.

ನಾನು ತಂಡದ ಮುಖ್ಯಸ್ಥನಾಗಿ ಮೂರು ತಿಂಗಳಾಗಿತ್ತು. ವರದಿಯಲ್ಲಿ ಒಂದು ಲೆಕ್ಕ ತಪ್ಪಿತ್ತು. ತಪ್ಪು ನನ್ನದೇ. ಆದರೆ ಎಲ್ಲರ ಕಣ್ಣು ತಂಡದ ಹೊಸ ಹುಡುಗಿಯ ಮೇಲೆ ಬಿತ್ತು. ನಾನು ಸುಮ್ನೆ ಇದ್ದೆ. ಆ ಮೌನವೂ ಸುಳ್ಳೇ ಅಲ್ವಾ? ಆಗ ಅದು ಹೊಳೆಯಲಿಲ್ಲ.

ಸಂಜೆ ನೀವು ಬಂದು ಪಕ್ಕದಲ್ಲಿ ಕುಳಿತಿರಿ. ಬೈಯಲಿಲ್ಲ. ಯಾರಿಗೂ ದೂರು ಕೊಡಲಿಲ್ಲ. "ನಾಳೆ ಬೆಳಿಗ್ಗೆ ನೀವೇ ಹೇಳಿಬಿಡಿ. ತಡವಾದಷ್ಟೂ ಹೇಳೋದು ಕಷ್ಟ" ಅಂದಿರಿ, ಅಷ್ಟೇ. ನಿಮಗಿಂತ ಮೇಲಿನ ಹುದ್ದೆಯಲ್ಲಿದ್ದವನಿಗೆ ಹಾಗೆ ಹೇಳಲು ಎಷ್ಟು ಧೈರ್ಯ ಬೇಕು!

ಮರುದಿನ ಹೇಳಿದೆ. ಧ್ವನಿ ನಡುಗುತ್ತಿತ್ತು. ಆ ಹುಡುಗಿಯ ಕ್ಷಮೆಯನ್ನೂ ಎಲ್ಲರೆದುರೇ ಕೇಳಿದೆ. ಇದ್ದ ಗೌರವವೂ ಹೋಗಿಬಿಡುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಒಂದು ವಾರದೊಳಗೆ ಇನ್ನೊಬ್ಬರು ತಾವಾಗಿಯೇ ಬಂದು, "ನನ್ನಿಂದ ಒಂದು ತಪ್ಪಾಗಿದೆ" ಅಂದರು. ಅದು ಚಿಕ್ಕದಿದ್ದಾಗಲೇ ಸರಿಯಾಯಿತು. ಅದಕ್ಕೂ ಮೊದಲು ಯಾರೂ ಹಾಗೆ ಬಂದಿರಲಿಲ್ಲ. ಕೆಟ್ಟ ಸುದ್ದಿ ನನ್ನವರೆಗೆ ಬರುತ್ತಲೇ ಇರಲಿಲ್ಲ. ಎಲ್ಲ ಚೆನ್ನಾಗಿದೆ ಅಂತ ನಾನು ನಂಬಿದ್ದೆ.

ಆ ಸಂಜೆ ನೀವು ನಿಮ್ಮ ಪಾಡಿಗೆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ತುಂಬಾ ಥ್ಯಾಂಕ್ಸ್.