ಗಾಳಿಗೆ ಭಾರವಿದೆಯೇ? ಏಳನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ವಾರ ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು: “ವಾರ್ತೆಯಲ್ಲಿ ವಾಯುಭಾರ ಕುಸಿತ ಅಂತಾರಲ್ಲ ಮೇಡಂ, ಕುಸಿಯೋಕೆ ಗಾಳಿಗೆ ಭಾರ ಎಲ್ಲಿದೆ?” ಈ ಪ್ರಶ್ನೆ ನಿಮ್ಮ ಮನೆಗೂ ಬರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಭಾರವಿದೆ, ಅದೂ ಸಣ್ಣದಲ್ಲ. ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರ್ ಜಾಗದ ಮೇಲಿರುವ ಗಾಳಿಯೆಲ್ಲ ಸೇರಿ ಸುಮಾರು 10 ಟನ್ ತೂಗುತ್ತದೆ. ಅದರ ಒತ್ತಡ ಸರಾಸರಿ 1013 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡ ಅಳೆಯುವ ಮಾನ). ನಮ್ಮ ದೇಹದೊಳಗಿನ ಒತ್ತಡವೂ ಅಷ್ಟೇ ಇರುವುದರಿಂದ ನಮಗದು ಗೊತ್ತಾಗುವುದಿಲ್ಲ.

ಬಿಸಿಲಿಗೆ ನೆಲ ಕಾದಾಗ ಅದಕ್ಕೆ ತಾಗಿದ ಗಾಳಿ ಹಿಗ್ಗಿ, ಹಗುರಾಗಿ ಮೇಲೇರುತ್ತದೆ. ಮೇಲೆ ಹೋದದ್ದು ಪಕ್ಕಕ್ಕೆ ಹರಿದಂತೆಲ್ಲ ಕೆಳಗೆ ಒತ್ತಡ ಇಳಿಯುತ್ತದೆ; ವಾರ್ತೆಯಲ್ಲಿ ವಾಯುಭಾರ ಕುಸಿತ ಅನ್ನುವುದು ಹೀಗೆ ಒತ್ತಡ ಇಳಿಯುವುದನ್ನೇ. ಆಗ ಒತ್ತಡ ಹೆಚ್ಚಿರುವ ಕಡೆಯಿಂದ ಗಾಳಿ ಅತ್ತ ನುಗ್ಗುತ್ತದೆ. ಏರಿದ ಗಾಳಿ ಹಿಗ್ಗುತ್ತ ತಣ್ಣಗಾಗಿ, ಅದರಲ್ಲಿನ ನೀರಾವಿ ಹನಿಗಟ್ಟಿ ಮೋಡವಾಗುತ್ತದೆ. ಒತ್ತಡ ಹೆಚ್ಚಿರುವಲ್ಲಿ ಗಾಳಿ ಕೆಳಗಿಳಿಯುತ್ತ ಬಿಸಿಯಾಗುವುದರಿಂದ ಅಲ್ಲಿ ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ.

ಮಕ್ಕಳು ನಂಬಲು ಒಪ್ಪದ ಸಂಗತಿಯೊಂದಿದೆ. ಮಳೆಗೆ ಮುಂಚೆ ಮೈಗೆಲ್ಲ ಅಂಟು ಅಂಟಾದಾಗ ಗಾಳಿ ಭಾರವಾಗಿದೆ ಅನ್ನಿಸುತ್ತದೆ. ನಿಜ ತಿರುಗಾಮುರುಗ. ಹೈಡ್ರೋಜನ್ ಪರಮಾಣುವಿನ ತೂಕ ಸುಮಾರು 1 ಎಂದುಕೊಂಡರೆ ನೀರಿನ ಅಣುವಿನ ತೂಕ 18, ಒಣಗಾಳಿಯ ಅಣುಗಳದು ಸರಾಸರಿ 29. ನೀರಾವಿ ಸೇರಿದಾಗ ಅದು ಒಣಗಾಳಿಯ ಅಣುಗಳ ಜಾಗ ಹಿಡಿಯುವುದರಿಂದ ಒಂದೇ ಉಷ್ಣಾಂಶ, ಒಂದೇ ಒತ್ತಡದಲ್ಲಿ ತೇವದ ಗಾಳಿಯೇ ಹಗುರ. ಮೈಗೆ ಹಿಂಸೆಯಾಗುವುದು ಬೆವರು ಬೇಗ ಆರದ ಕಾರಣಕ್ಕೆ. ಈ ಬಗ್ಗೆ ಮಕ್ಕಳು ವಾದಕ್ಕೆ ನಿಂತರೆ ದಯವಿಟ್ಟು ಬೇಸರಿಸದೆ ಕೇಳಿಸಿಕೊಳ್ಳಿ.

ಈ ತಿಂಗಳಿಡೀ ಅವರು ದಿನಕ್ಕೆರಡು ಬಾರಿ ಉಷ್ಣಾಂಶವನ್ನು, ಜೊತೆಗೆ ಮಳೆ ಬರಬಹುದೇ ಎಂಬ ತಮ್ಮ ಅಂದಾಜನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಥರ್ಮಾಮೀಟರ್ ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿರಲಿ. ಬಿಸಿಲಿಗಿಟ್ಟರೆ ಅದು ತೋರಿಸುವುದು ಗಾಳಿಯ ಬಿಸಿಯನ್ನಲ್ಲ. ಕೆಲವು ಮೊಬೈಲ್‌ಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅದನ್ನು ಬಳಸುವುದಾದರೆ ದಿನವೂ ಒಂದೇ ಮಹಡಿಯಲ್ಲಿ ನೋಡಲಿ, ಏಕೆಂದರೆ ಸುಮಾರು 8 ಮೀಟರ್ ಮೇಲೇರಿದರೆ ಸಾಕು, ಒಂದು ಹೆಕ್ಟೋಪಾಸ್ಕಲ್ ಕಡಿಮೆಯಾಗುತ್ತದೆ. ಒಂದು ದಿನದ ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಹೆಚ್ಚು ಹೇಳುತ್ತದೆ.

ಮಳೆ ಬರುತ್ತದೆಂದು ಮಗು ಬರೆದು, ಬಾರದೆ ಹೋದರೆ ಆ ಪುಟ ಅಳಿಸಿಬಿಡಬೇಡಿ. ಹಾಗೆ ತಪ್ಪಿದ ದಿನಗಳ ಬಗ್ಗೆಯೇ ತರಗತಿಯಲ್ಲಿ ಹೆಚ್ಚು ಮಾತಾಡಲಿದ್ದೇವೆ. ತಿಂಗಳ ಕೊನೆಗೆ ಪುಸ್ತಕವನ್ನು ಇದ್ದಂತೆಯೇ ಕಳಿಸಿಕೊಡಿ.

ವಂದನೆಗಳೊಂದಿಗೆ,
ಮುಖ್ಯ ಶಿಕ್ಷಕಿ