ನಿರ್ವಹಣಾ ಒಪ್ಪಂದವಿದ್ದೂ ತಿರುಗದ ವಾಲ್ವ್: ಸೇವಾಲೋಪದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ವಾರ್ಷಿಕ ಕೊಳಾಯಿ ನಿರ್ವಹಣಾ ಒಪ್ಪಂದದಡಿ ತಪಾಸಣೆ ನಡೆಸದೆ ವರದಿ ನೀಡಿರುವುದು ಮತ್ತು ಅದರಿಂದಾದ ಹಾನಿಗೆ ಪರಿಹಾರ ನಿರಾಕರಿಸಿರುವುದು.

ಮಾನ್ಯರೇ,

ನಮ್ಮ ಮನೆಯ ನೀರಿನ ಪೈಪು, ನಲ್ಲಿ, ಗೀಸರ್ ಮತ್ತು ಫ್ಲಶ್ ಟ್ಯಾಂಕುಗಳ ನಿರ್ವಹಣೆಗಾಗಿ ಮೂರು ವರ್ಷಗಳಿಂದ ತಮ್ಮ ಸಂಸ್ಥೆಯೊಂದಿಗೆ ವಾರ್ಷಿಕ ಒಪ್ಪಂದ ಮಾಡಿಕೊಂಡು ಬಂದಿದ್ದೇನೆ. ಒಮ್ಮೆಯೂ ಶುಲ್ಕ ಬಾಕಿ ಉಳಿಸಿಕೊಂಡಿಲ್ಲ. ದೊಡ್ಡ ರಿಪೇರಿ ಬಾರದಂತೆ ಸಣ್ಣ ದೋಷಗಳನ್ನು ಮೊದಲೇ ಗುರುತಿಸಿ ಸರಿಪಡಿಸುವುದೇ ಒಪ್ಪಂದದ ಉದ್ದೇಶವೆಂದು ಕರಾರುಪತ್ರದ ಮೊದಲ ಪುಟದಲ್ಲಿ ತಾವೇ ಬರೆದಿದ್ದೀರಿ. ಹೀಗಿದ್ದೂ, ಕಳೆದ ತಿಂಗಳು ಪೈಪ್ ಒಡೆದು ನೀರು ಹರಿದಾಗ ಆದ ಹಾನಿಗೆ ಪರಿಹಾರ ಕೇಳಿದ ನನ್ನ ಅರ್ಜಿಯನ್ನು ‘ಗ್ರಾಹಕರು ವಾಲ್ವನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡಿಲ್ಲ’ ಎಂಬ ಒಂದೇ ಸಾಲಿನಲ್ಲಿ ತಳ್ಳಿಹಾಕಲಾಗಿದೆ. ನಿರ್ವಹಣೆಗೆಂದೇ ಹಣ ಪಡೆದವರು ನಿರ್ವಹಣೆ ಆಗಿಲ್ಲವೆಂದು ನನ್ನ ಮೇಲೆಯೇ ಹೊರಿಸುವುದನ್ನು ಒಪ್ಪಲಾಗದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ಅಂದು ರಾತ್ರಿ ಸುಮಾರು ಎರಡು ಗಂಟೆಗೆ ವಾಶ್ ಬೇಸಿನ್ ಕೆಳಗಿನ ಕನೆಕ್ಷನ್ ಪೈಪ್ ಒಡೆಯಿತು. ಮೊದಲು ಆಂಗಲ್ ಕಾಕ್, ಅಂದರೆ ಆ ಪೈಪಿಗೆ ನೀರು ಬಿಡುವ ಗೋಡೆಯ ಸಣ್ಣ ನಲ್ಲಿಯನ್ನು ಮುಚ್ಚಲು ನೋಡಿದೆ. ಅದರ ಹಿಡಿ ಸುತ್ತುತ್ತಿತ್ತೇ ಹೊರತು ನೀರು ನಿಲ್ಲಲಿಲ್ಲ. ಟಾರ್ಚ್ ಹಿಡಿದು ಮಹಡಿಗೆ ಓಡಿ, ಟ್ಯಾಂಕಿನಿಂದ ಇಳಿಯುವ ಮುಖ್ಯ ಪೈಪಿನ ಗೇಟ್ ವಾಲ್ವ್ (ಚಕ್ರ ತಿರುಗಿಸಿ ನೀರು ನಿಲ್ಲಿಸುವ ವಾಲ್ವ್) ಮುಚ್ಚಲು ಹೋದರೆ ಚಕ್ರ ಕಾಲು ಸುತ್ತೂ ಅಲುಗಲಿಲ್ಲ. ಇನ್ನಷ್ಟು ಬಲ ಹಾಕಿದಾಗ ಚಕ್ರಕ್ಕೆ ಸೇರಿದ ಕಡ್ಡಿ, ಅಂದರೆ ಸ್ಪಿಂಡಲ್, ತುಂಡಾಗಿ ಚಕ್ರ ಕೈಗೇ ಬಂತು. 1,000 ಲೀಟರಿನ ಟ್ಯಾಂಕು ಬರಿದಾಗುವವರೆಗೂ ನೀರು ಹರಿದು ಮರದ ಕಪಾಟು, ಎರಡು ಬಾಗಿಲು, ಒಂದು ಕೋಣೆಯ ನೆಲಹಾಸು ಹಾಳಾದವು. ಕೆಳಗಿನ ಮನೆಯ ಚಾವಣಿಯ ಗಾರೆಯೂ ಉಬ್ಬಿತು.

ಈ ಘಟನೆಗೆ ಸರಿಯಾಗಿ ಮೂರು ವಾರ ಮೊದಲು ತಮ್ಮ ತಂತ್ರಜ್ಞರು ನಮ್ಮಲ್ಲಿಗೆ ಬಂದಿದ್ದರು. ಅವರು ಸಹಿ ಹಾಕಿಕೊಟ್ಟ ತಪಾಸಣಾ ಪಟ್ಟಿಯಲ್ಲಿ ‘ಮುಖ್ಯ ವಾಲ್ವ್: ಸರಿ ಇದೆ’, ‘ಕನೆಕ್ಷನ್ ಪೈಪುಗಳು: ಸರಿ ಇವೆ’, ‘ಗೀಸರ್: ಪರೀಕ್ಷಿಸಲಾಗಿದೆ’ ಎಂದಿದೆ. ಅವರು ಮನೆಯೊಳಗಿದ್ದದ್ದು ಹೆಚ್ಚೆಂದರೆ 20 ನಿಮಿಷ, ಮಹಡಿ ಹತ್ತಲೇ ಇಲ್ಲ. ಅವರ ಮೇಲೆ ನನಗೆ ವೈಯಕ್ತಿಕ ಸಿಟ್ಟಿಲ್ಲ. ಒಂದೇ ದಿನಕ್ಕೆ ಹನ್ನೊಂದು ಮನೆ ಮುಗಿಸಬೇಕೆಂದು ಅವರೇ ಬೇಸರದಿಂದ ಹೇಳಿಕೊಂಡಿದ್ದರು.

ವರ್ಷಗಟ್ಟಲೆ ತೆರೆದೇ ಇರುವ ಗೇಟ್ ವಾಲ್ವಿನೊಳಗೆ ನೀರಿನ ಸುಣ್ಣದಂಶ ಕಟ್ಟಿಕೊಂಡು, ತುಕ್ಕು ಸೇರಿ, ಅದು ಬಿಗಿಯುತ್ತದೆ ಎಂಬುದು ಈ ಕೆಲಸ ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ. ಅದಕ್ಕಾಗಿಯೇ ವರ್ಷಕ್ಕೆ ಒಂದೆರಡು ಸಲ ಅದನ್ನು ಪೂರ್ತಿ ಮುಚ್ಚಿ ತೆರೆದು ನೋಡಬೇಕು. ನೋಡಿದ್ದರೆ ಬಿಗಿತ ಅಂದೇ ತಿಳಿದು, ಕಾಲು ಸುತ್ತಿನಲ್ಲಿ ಮುಚ್ಚುವ ಬಾಲ್ ವಾಲ್ವ್ ಹಾಕಿಸಬಹುದಿತ್ತು. ಒಡೆದ ಕನೆಕ್ಷನ್ ಪೈಪಿನದೂ ಇದೇ ಕಥೆ: ನಟ್ಟಿನ ಬಳಿ ಹೊರಗಿನ ಸ್ಟೀಲ್ ಹೆಣಿಗೆ ಕಂದು ಬಣ್ಣಕ್ಕೆ ತಿರುಗಿದೆ, ನಾಲ್ಕೈದು ಎಳೆಗಳು ಕಡಿದು ಮುಳ್ಳಿನಂತೆ ಎದ್ದು ನಿಂತಿವೆ, ಅಲ್ಲೇ ಒಳಗಿನ ರಬ್ಬರ್ ಉಬ್ಬಿ ಸೀಳಿದೆ. ಇಷ್ಟು ತುಕ್ಕು ಮೂರು ವಾರಗಳಲ್ಲಿ ಹಿಡಿಯುವಂಥದ್ದಲ್ಲ. ಬಾಗಿ ಒಮ್ಮೆ ಕೈಯಾಡಿಸಿದ್ದರೂ ಬೆರಳಿಗೆ ಚುಚ್ಚುತ್ತಿತ್ತು.

ಅನುಮಾನ ಬಂದು ಉಳಿದವನ್ನೂ ನಾನೇ ನೋಡಿದೆ. ಫ್ಲಶ್ ಟ್ಯಾಂಕಿನ ನೀರಿಗೆ ಬಣ್ಣ ಬೆರೆಸಿ, ಫ್ಲಶ್ ಮಾಡದೆ 20 ನಿಮಿಷ ಬಿಟ್ಟರೆ ಬಣ್ಣ ಕಮೋಡಿಗೆ ಇಳಿದಿತ್ತು, ಅಂದರೆ ಒಳಗಿನ ರಬ್ಬರ್ ಮುಚ್ಚಳ ಸವೆದಿದೆ. ‘ಪರೀಕ್ಷಿಸಲಾಗಿದೆ’ ಎಂದ ಗೀಸರನ್ನು ಬೇರೊಬ್ಬರಿಂದ ಬಿಚ್ಚಿಸಿದಾಗ, ಟ್ಯಾಂಕಿನ ಬದಲು ತಾನು ಸವೆಯಲೆಂದು ಇರುವ ಮೆಗ್ನೀಷಿಯಂ ಆನೋಡ್ ಕಡ್ಡಿಯಲ್ಲಿ ತಂತಿಯಷ್ಟೇ ಉಳಿದಿತ್ತು. ಇನ್ನಷ್ಟು ಕಾಲ ಹಾಗೆಯೇ ಬಿಟ್ಟಿದ್ದರೆ ಕಡ್ಡಿಯ ಬದಲು ಇಡೀ ಗೀಸರನ್ನೇ ಬದಲಾಯಿಸಬೇಕಾಗುತ್ತಿತ್ತು.

ಆದ್ದರಿಂದ ಹಾಳಾದ ಸಾಮಗ್ರಿ ಮತ್ತು ಕೆಳಗಿನ ಮನೆಯ ಗಾರೆ ಕೆಲಸದ ಪೂರ್ಣ ವೆಚ್ಚವನ್ನು ತಾವು ಭರಿಸಬೇಕು. ಈ ವರ್ಷದ ಶುಲ್ಕವನ್ನು ಹಿಂದಿರುಗಿಸಬೇಕು. ಅನುಭವವುಳ್ಳ ಬೇರೆ ತಂತ್ರಜ್ಞರನ್ನು ಕಳುಹಿಸಿ, ಪ್ರತಿಯೊಂದು ವಾಲ್ವನ್ನೂ ನನ್ನೆದುರಿಗೇ ತಿರುಗಿಸಿ ತೋರಿಸಿ ಹೊಸ ವರದಿ ಕೊಡಿಸಬೇಕು. ಮನೆಯ ಪೈಪ್ ಲೈನನ್ನೇ ಪೂರ್ತಿ ಬದಲಾಯಿಸಬೇಕೆಂದು ತಮ್ಮ ಕಚೇರಿ ಕಳುಹಿಸಿರುವ ಅಂದಾಜುಪಟ್ಟಿಗೆ ನನ್ನ ಒಪ್ಪಿಗೆಯಿಲ್ಲ, ಏಕೆಂದರೆ ಒಡೆದದ್ದು ಗೋಡೆಯೊಳಗಿನ ಪೈಪಲ್ಲ. ಎಲ್ಲ ನಲ್ಲಿಗಳನ್ನೂ ಮುಚ್ಚಿ ಎರಡು ಗಂಟೆ ಬಿಟ್ಟು ನೋಡಿದಾಗ ಮೀಟರಿನ ಅಂಕಿ ಬದಲಾಗಿರಲಿಲ್ಲ. ಟ್ಯಾಂಕಿನ ನೀರಿನ ಮಟ್ಟವೂ ಇಳಿದಿರಲಿಲ್ಲ.

15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದ ಮೊರೆ ಹೋಗುತ್ತೇನೆ. ತಪಾಸಣಾ ಪಟ್ಟಿಯ ಪ್ರತಿ, ಹಾನಿಯ ಚಿತ್ರಗಳು ಮತ್ತು ದುರಸ್ತಿಯ ರಸೀದಿಗಳನ್ನು ಲಗತ್ತಿಸಿದ್ದೇನೆ. ಒಡೆದ ಕನೆಕ್ಷನ್ ಪೈಪು, ತುಂಡಾದ ಸ್ಪಿಂಡಲ್ ಮತ್ತು ಆನೋಡ್ ಕಡ್ಡಿಯನ್ನು ಎಸೆಯದೆ ಇಟ್ಟುಕೊಂಡಿದ್ದೇನೆ. ತಮ್ಮವರು ಮೊದಲೇ ತಿಳಿಸಿ ಯಾವ ದಿನ ಬಂದರೂ ನೋಡಬಹುದು.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಒಪ್ಪಂದದ ಗ್ರಾಹಕ